ಆಚರಣೆ ಅಂತ ಕೂತರೆ ಪಾಠ ಮುಗಿಸೋದು ಯಾವಾಗ?

ಪೋಷಕರ ಸಭೆಯಲ್ಲಿ ಪ್ರತಿ ವರ್ಷ ಒಬ್ಬರಾದರೂ ಈ ಪ್ರಶ್ನೆ ಕೇಳುತ್ತಾರೆ. "ಮೇಡಂ, ನೆರಳಿನ ದಿನ, ಮಳೆ ದಿನ, ಮೊಳಕೆ ದಿನ ಅಂತ ವರ್ಷವಿಡೀ ಏನಾದ್ರೂ ಆಚರಿಸ್ತಾನೇ ಇರ್ತೀರಿ. ಮಕ್ಕಳು ಖುಷಿಯಾಗಿದ್ದಾರೆ, ಬೇಡ ಅನ್ನಲ್ಲ. ಆದ್ರೆ ಪಾಠ ಮುಗಿಸೋದು ಯಾವಾಗ?" ಬೇರೆ ಶಾಲೆಯ ಟೀಚರ್‌ಗಳೂ ಇದನ್ನೇ ಕೇಳುತ್ತಾರೆ, ಸ್ವಲ್ಪ ದನಿ ತಗ್ಗಿಸಿ. ಅಲ್ಲೇ ನಿಂತು ಎರಡು ಮಾತಲ್ಲಿ ಹೇಳಿ ಮುಗಿಸುವ ಉತ್ತರ ನನ್ನ ಹತ್ತಿರ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಪ್ಪೊಪ್ಪಿಗೆ. ನನ್ನ ಮೊದಲ ಮೂರ್ನಾಲ್ಕು ವರ್ಷಗಳ ಆಚರಣೆಗಳ ಬಗ್ಗೆ ಕೇಳಿದ್ದರೆ ನಿಮ್ಮ ಅನುಮಾನ ನೂರಕ್ಕೆ ನೂರು ಸರಿ. ವಸಂತ ಬಂತು ಅಂದರೆ ನಾನು ರಾತ್ರಿ ಕೂತು ಇಪ್ಪತ್ತೆಂಟು ಕಾಗದದ ಹೂ ಕತ್ತರಿಸುತ್ತಿದ್ದೆ. ಬೆಳಿಗ್ಗೆ ಮಕ್ಕಳು ಅದಕ್ಕೆ ಗೋಂದು ಹಚ್ಚಿ ಗೋಡೆಗೆ ಅಂಟಿಸುತ್ತಿದ್ದರು. ಇಪ್ಪತ್ತೆಂಟೂ ಒಂದೇ ಥರ. ಹೆಸರು ಬರೆಯದಿದ್ದರೆ ಯಾರ ಹೂ ಯಾವುದು ಅಂತ ಅವರಿಗೇ ಗೊತ್ತಾಗುತ್ತಿರಲಿಲ್ಲ. ಚಳಿಗಾಲಕ್ಕೆ ಕಾಗದ ಮಡಚಿ ಹಿಮದ ಹರಳು ಕತ್ತರಿಸುತ್ತಿದ್ದೆವು. ಸುಲಭವಾಗಿ ಮಡಚಿದರೆ ಬರುವುದು ಎಂಟು ತೋಳಿನ ಹರಳು. ನಿಜವಾದ ಹಿಮದ ಹರಳಿಗೆ ಇರುವುದು ಆರು. ಯಾಕೆ ಐದಲ್ಲ, ಏಳಲ್ಲ, ಆರೇ ಯಾಕೆ ಅಂತ ಖಗೋಳ ವಿಜ್ಞಾನಿ ಕೆಪ್ಲರ್ ತಲೆಕೆಡಿಸಿಕೊಂಡು 1611ರಲ್ಲಿ ಒಂದು ಪುಟ್ಟ ಪುಸ್ತಕವನ್ನೇ ಬರೆದ. ಅದನ್ನು ತನಗೆ ನೆರವಾಗುತ್ತಿದ್ದವನೊಬ್ಬನಿಗೆ ಹೊಸ ವರ್ಷದ ಉಡುಗೊರೆಯಾಗಿ ಕೊಟ್ಟ. ನಾನು ಮಾತ್ರ ವರ್ಷಗಟ್ಟಲೆ ಎಂಟು ತೋಳನ್ನೇ ಅಂಟಿಸಿದ್ದೆ. ಅಂಥ ಆಚರಣೆ ಕಾಲಹರಣವೇ.

ನನ್ನ ಬುದ್ಧಿ ತಿದ್ದಿದ್ದು ಒಂದು ಕಾಳು.

ಗಾಜಿನ ಲೋಟಕ್ಕೆ ಒದ್ದೆ ಹತ್ತಿ ತುಂಬಿ, ಗಾಜಿಗೂ ಹತ್ತಿಗೂ ನಡುವೆ ಹುರುಳಿ ಬೀಜ ಸಿಕ್ಕಿಸುವ ಪ್ರಯೋಗ ಎಲ್ಲರಿಗೂ ಗೊತ್ತು. ಬೇರು ಇಳಿಯುವುದು ಹೊರಗಿನಿಂದಲೇ ಕಾಣುತ್ತದೆ. ಆ ವರ್ಷ ಶುಕ್ರವಾರ 'ಮೊಳಕೆ ದಿನ' ಅಂತ ಇಟ್ಟುಕೊಂಡಿದ್ದೆ, ಪೋಷಕರನ್ನೂ ಕರೆದಿದ್ದೆ. ಗುರುವಾರ ಸಂಜೆ ನೋಡಿದರೆ ಒಂದು ಹುಡುಗಿಯ ಕಾಳು ಕೊಳೆತಿತ್ತು. ಎಲ್ಲರ ಎದುರು ಮಗು ಅಳಬಾರದಲ್ವಾ ಅಂತ, ನಾನು ಹೆಚ್ಚುವರಿಯಾಗಿ ಬೆಳೆಸಿದ್ದ ಒಂದನ್ನು ಅವಳ ಲೋಟಕ್ಕೆ ಹಾಕಿಟ್ಟೆ.

ಮರುದಿನ ಅವಳು ಲೋಟ ಎತ್ತಿ ಬೆಳಕಿಗೆ ಹಿಡಿದಳು. ಒಮ್ಮೆ ತಿರುಗಿಸಿದಳು. ಇನ್ನೊಮ್ಮೆ ತಿರುಗಿಸಿದಳು.

"ಮಿಸ್, ಇದು ನನ್ನ ಕಾಳಲ್ಲ."

"ನಿಂದೇ ಪುಟ್ಟಾ, ಸರಿಯಾಗಿ ನೋಡು."

ಅವಳು ವಾದ ಮಾಡಲಿಲ್ಲ. ಬ್ಯಾಗಿನಿಂದ ನೋಟ್‌ಬುಕ್ ತೆಗೆದಳು. ಆರು ದಿನಗಳ ಚಿತ್ರ ಇತ್ತು. ಆರರಲ್ಲೂ ಕಾಳಿನ ಎಡಗಡೆ ಒಂದು ಕಂದು ಮಚ್ಚೆ, ಪೆನ್ಸಿಲ್ ಒತ್ತಿ ಒತ್ತಿ ಬರೆದದ್ದು. ಲೋಟದಲ್ಲಿದ್ದ ಕಾಳಿಗೆ ಮಚ್ಚೆ ಇರಲಿಲ್ಲ.

ಏಳು ವರ್ಷದ ಮಗು ನನ್ನ ಕಳ್ಳತನ ಹಿಡಿದಿತ್ತು. ಒಪ್ಪಿಕೊಂಡೆ, ಬೇರೆ ದಾರಿ ಇರಲಿಲ್ಲ. ಕಸದ ಬುಟ್ಟಿಯಿಂದ ಕೊಳೆತ ಕಾಳು ವಾಪಸ್ ಬಂತು. ಎಲ್ಲರೂ ಮೂಗು ಮುಚ್ಚಿಕೊಂಡು ನೋಡಿದರು, ಕಡ್ಡಿಯಿಂದ ಬಿಡಿಸಿದರು. ಅವಳ ಲೋಟದಲ್ಲಿ ನೀರು ಜಾಸ್ತಿ ಇತ್ತು. ಬೀಜಕ್ಕೆ ನೀರಿನಷ್ಟೇ ಗಾಳಿಯೂ ಬೇಕು, ನೀರಲ್ಲಿ ಮುಳುಗಿದರೆ ಅದಕ್ಕೆ ಆಮ್ಲಜನಕ ಸಿಗದೆ ಕೊಳೆಯುತ್ತದೆ. ಮೊಳೆತ ಇಪ್ಪತ್ತೇಳು ಕಾಳಿನಿಂದ ಬರದ ಪ್ರಶ್ನೆಗಳು ಆ ಒಂದು ಕೊಳೆತ ಕಾಳಿನಿಂದ ಬಂದವು. ಅವಳು ಅಳಲೂ ಇಲ್ಲ. ಅಳುವಂತಾಗಿದ್ದು ನಾನು.

ಅಂದಿನಿಂದ ನನ್ನ ಲೆಕ್ಕಾಚಾರ ಬದಲಾಯಿತು. ಆಚರಣೆಯ ದಿನ ಮಕ್ಕಳು ಏನನ್ನೂ 'ಮಾಡುವುದಿಲ್ಲ'. ಅದಕ್ಕೆ ಮೊದಲು ವಾರಗಟ್ಟಲೆ ನೋಡಿ, ಮುಟ್ಟಿ, ಅಳೆದು, ಬರೆದಿಟ್ಟದ್ದರ ಲೆಕ್ಕ ಒಪ್ಪಿಸುತ್ತಾರೆ. ಹಿಂದೆ ಅಷ್ಟು ಕೆಲಸ ಇಲ್ಲದಿದ್ದರೆ ಆ ದಿನವನ್ನೇ ಕೈಬಿಡುತ್ತೇನೆ.

ನಮ್ಮ ದೊಡ್ಡ ಆಚರಣೆ ನೆರಳಿನದು. ಮೈದಾನದಲ್ಲಿ ಒಂದು ಮೀಟರ್ ಎತ್ತರದ ಕೋಲು ನೆಡುತ್ತೇವೆ. ನೆಟ್ಟಗಿದೆಯಾ ಅಂತ ದಾರಕ್ಕೊಂದು ಕಲ್ಲು ಕಟ್ಟಿ ಇಳಿಬಿಟ್ಟು ನೋಡುತ್ತೇವೆ. ಪ್ರತಿ ಶುಕ್ರವಾರ ಮಧ್ಯಾಹ್ನದ ನೆರಳಿನ ಉದ್ದಕ್ಕೆ ಸರಿಯಾಗಿ ಒಂದು ಕಾಗದದ ಪಟ್ಟಿ ಕತ್ತರಿಸಿ, ತಾರೀಖು ಬರೆದು, ಗೋಡೆಗೆ ಸಾಲಾಗಿ ಅಂಟಿಸುತ್ತೇವೆ. ಇದಕ್ಕೆ ವಾರಕ್ಕೆ ಹತ್ತು ನಿಮಿಷ ಸಾಕು.

ಮೊದಲ ತಿಂಗಳಲ್ಲೇ ಒಂದು ಜಗಳ. ಹನ್ನೆರಡು ಗಂಟೆಗೆ ಅಳೆಯುತ್ತಿದ್ದೆವು. "ಮಿಸ್, ಹನ್ನೆರಡಾದ ಮೇಲೂ ನೆರಳು ಚಿಕ್ಕದಾಗ್ತಾನೇ ಇದೆ. ಗಡಿಯಾರ ಸುಳ್ಳು ಹೇಳ್ತಿದೆ" ಅಂದ ಒಬ್ಬ. ಸರಿ, ಒಂದು ದಿನ ಹನ್ನೊಂದೂವರೆಯಿಂದ ಒಂದು ಗಂಟೆವರೆಗೆ ಐದೈದು ನಿಮಿಷಕ್ಕೊಮ್ಮೆ ಗುರುತು ಹಾಕಿದೆವು. ಅವನು ಹೇಳಿದ್ದೇ ನಿಜ. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ, ಅಂದರೆ ಒಂದು ಡಿಗ್ರಿಗೆ 4 ನಿಮಿಷ. ದೊಡ್ಡ ಪ್ರದೇಶಕ್ಕೆಲ್ಲ ಒಂದೇ ಗಡಿಯಾರ ಇಟ್ಟುಕೊಂಡಿದ್ದೇವೆ, ಸೂರ್ಯ ಮಾತ್ರ ಒಂದೊಂದು ಊರಿನ ನೆತ್ತಿಯ ಹತ್ತಿರ ಒಂದೊಂದು ಹೊತ್ತಿಗೆ ಬರುತ್ತಾನೆ. ಇದರ ಜೊತೆಗೆ ವರ್ಷದಲ್ಲಿ ಒಂದೊಂದು ಕಾಲದಲ್ಲಿ ಕಾಲು ಗಂಟೆಯವರೆಗೂ ಹಿಂದೆ ಮುಂದೆ ಆಗುತ್ತದೆ, ಆದರೆ ಅದನ್ನು ಎರಡನೇ ತರಗತಿಗೆ ಹೇಳಲು ಹೋಗಬೇಡಿ. ನಾನು ಹೋಗಿದ್ದೆ, ಅರ್ಧ ಕ್ಲಾಸ್ ಆಕಳಿಸಿತು.

ಹಗಲು ರಾತ್ರಿ ಹತ್ತಿರ ಹತ್ತಿರ ಸಮವಾಗುವ ದಿನಗಳು ಎರಡು, ಮಾರ್ಚ್ 20ರ ಸುಮಾರಿಗೆ ಒಂದು, ಸೆಪ್ಟೆಂಬರ್ 22ರ ಸುಮಾರಿಗೆ ಇನ್ನೊಂದು. ಆ ದಿನ ಬೆಳಗಿನಿಂದ ಗಂಟೆಗೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕುತ್ತೇವೆ. ಸಂಜೆ ಇಬ್ಬರು ಮಕ್ಕಳು ದಾರದ ಎರಡು ತುದಿ ಹಿಡಿದು ಬಿಗಿಯಾಗಿ ಎಳೆಯುತ್ತಾರೆ. ಎಲ್ಲ ಗುರುತೂ ಆ ಒಂದೇ ದಾರದ ಮೇಲೆ ಕೂರುತ್ತವೆ! ನೆಟ್ಟಗಿನ ಗೆರೆ, ಪಶ್ಚಿಮದಿಂದ ಪೂರ್ವಕ್ಕೆ. ಬೇರೆ ಕಾಲದಲ್ಲಿ ಹೀಗೇ ಮಾಡಿ ನೋಡಿ, ಗುರುತುಗಳು ಬಿಲ್ಲಿನ ಹಾಗೆ ಬಾಗಿರುತ್ತವೆ. ಇದನ್ನು ಪುಸ್ತಕದಲ್ಲಿ ಓದಿ ಗೊತ್ತಿದ್ದ ನನಗೇ ಮೊದಲ ಸಲ ಮೈ ಜುಮ್ಮೆಂದಿತ್ತು. ಮಕ್ಕಳು ದಾರದ ಮೇಲೆ ಬಗ್ಗಿ, ಒಂದೊಂದೇ ಗುರುತಿಗೆ ಬೆರಳಿಟ್ಟು ನೋಡಿದರು. ನಂಬಲಿಲ್ಲ. ದಾರವನ್ನು ಇನ್ನೊಂದು ಸಲ ಎಳೆಸಿದರು.

ಡಿಸೆಂಬರ್‌ನದು ಇನ್ನೊಂದು ಬಗೆ. ಸೆಪ್ಟೆಂಬರ್ ಕೊನೆಯಲ್ಲಿ ನಮ್ಮ ಪಟ್ಟಿಗಳು ವಾರಕ್ಕೆ ಸುಮಾರು ಐದು ಸೆಂಟಿಮೀಟರ್ ಬೆಳೆಯುತ್ತವೆ. ಗೋಡೆ ನೋಡಿದರೆ ಮೆಟ್ಟಿಲಿನ ಹಾಗೆ ಕಾಣುತ್ತದೆ. ನವೆಂಬರ್‌ನಲ್ಲಿ ಮೆಟ್ಟಿಲು ಚಿಕ್ಕದಾಗುತ್ತಾ ಬರುತ್ತದೆ. ಡಿಸೆಂಬರ್ ಮೂರನೇ ವಾರಕ್ಕೆ ಹೋದ ವಾರದ್ದಕ್ಕೂ ಈ ವಾರದ್ದಕ್ಕೂ ವ್ಯತ್ಯಾಸವೇ ಸಿಗುವುದಿಲ್ಲ, ನೆರಳಿನ ಅಂಚೇ ಅದಕ್ಕಿಂತ ಮಸುಕಾಗಿರುತ್ತದೆ. "ಮಿಸ್, ಸೂರ್ಯ ನಿಂತ್ಕೊಂಡುಬಿಟ್ಟ" ಅಂದಳು ಒಬ್ಬಳು. ಮಧ್ಯಾಹ್ನದ ನೆರಳು ಅತಿ ಉದ್ದವಾಗುವ ಈ ದಿನಕ್ಕೆ ಇಂಗ್ಲಿಷಿನಲ್ಲಿ ಸಾಲ್‌ಸ್ಟಿಸ್ ಅನ್ನುತ್ತಾರೆ. ಆ ಹೆಸರು ಬಂದಿರುವುದು ಲ್ಯಾಟಿನ್‌ನಿಂದ, ಅರ್ಥ 'ಸೂರ್ಯ ನಿಲ್ಲುವುದು'. ಅದನ್ನು ಹೇಳಿದಾಗ ಅವಳ ಮುಖ ನೋಡಬೇಕಿತ್ತು.

ಬಿಸಿಲುಗಾಲ ಯಾಕೆ ಬರುತ್ತದೆ ಅಂತ ಕೇಳಿ. ಹತ್ತರಲ್ಲಿ ಎಂಟು ಮಕ್ಕಳು "ಸೂರ್ಯ ಹತ್ತಿರ ಬರ್ತಾನೆ" ಅನ್ನುತ್ತಾರೆ. ಕೇಳಿ ನೋಡಿ, ಅಪ್ಪ ಅಮ್ಮಂದಿರೂ ಅದನ್ನೇ ಹೇಳುತ್ತಾರೆ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್. ಅತಿ ದೂರ ಇರುವುದು ಜುಲೈ ಮೊದಲ ವಾರದಲ್ಲಿ, ಸುಮಾರು 15.2 ಕೋಟಿ. ಉತ್ತರಾರ್ಧಗೋಳದವರಿಗೆ ಹತ್ತಿರ ಇದ್ದಾಗಲೇ ಚಳಿ! ಕಾರಣ ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ವಾಲಿರುವುದು, ಅದರಿಂದ ಚಳಿಗಾಲದಲ್ಲಿ ಬಿಸಿಲು ಹೆಚ್ಚು ಓರೆಯಾಗಿ ಬೀಳುವುದು. ಇದನ್ನು ಹೇಳಿದರೆ ಮಕ್ಕಳು ತಲೆ ಆಡಿಸುತ್ತಾರೆ, ಅಷ್ಟೇ. ಅದರ ಬದಲು ಚೌಕದ ಹಾಳೆ ಮೇಲೆ ಟಾರ್ಚ್ ನೇರವಾಗಿ ಬಿಟ್ಟು, ಬೆಳಕು ಬಿದ್ದ ಚೌಕ ಎಣಿಸಲು ಹೇಳುತ್ತೇನೆ. ಅಷ್ಟೇ ದೂರದಿಂದ ಟಾರ್ಚ್ ಓರೆ ಮಾಡಿ ಮತ್ತೆ ಎಣಿಸುತ್ತಾರೆ. ಅದೇ ಬೆಳಕು ಈಗ ಜಾಸ್ತಿ ಚೌಕಗಳಿಗೆ ಹಂಚಿಹೋಗಿದೆ. "ಒಂದೊಂದು ಚೌಕಕ್ಕೆ ಸ್ವಲ್ಪ ಸ್ವಲ್ಪನೇ ಸಿಗುತ್ತೆ ಮಿಸ್." ಅಷ್ಟೇ ಪಾಠ.

ಹಾಗಾದರೆ ಅಳತೆ ಮಾಡಿದರೆ ಸಾಲದೇ, ಆಚರಣೆ ಯಾಕೆ ಅಂತ ಕೇಳಬಹುದು. ನಾನು ಹಾಗೂ ಮಾಡಿ ನೋಡಿದ್ದೇನೆ. ಐದನೇ ವಾರಕ್ಕೆ ಮಕ್ಕಳಿಗೆ ಬೇಜಾರು ಬರುತ್ತದೆ. ನಮಗೂ ಬರುತ್ತದೆ, ಸುಳ್ಳು ಯಾಕೆ. ಮುಂದೆ ಒಂದು ದಿನ ಇದೆ ಅಂತ ಗೊತ್ತಿದ್ದರೆ ಕಥೆ ಬೇರೆ. ಡಿಸೆಂಬರ್‌ನಲ್ಲಿ ಅತಿ ಉದ್ದದ ಪಟ್ಟಿ ಎಷ್ಟಿರಬಹುದು ಅಂತ ಅಕ್ಟೋಬರ್‌ನಲ್ಲೇ ಎಲ್ಲರೂ ಚೀಟಿ ಬರೆದು ಲಕೋಟೆಗೆ ಹಾಕಿ ಅಂಟಿಸುತ್ತಾರೆ. ಅದನ್ನು ಒಡೆಯುವುದು ಆ ದಿನವೇ. ಕೆಳಗಿನ ತರಗತಿಯ ಮಕ್ಕಳನ್ನು ಕರೆಯುತ್ತೇವೆ, ಗೋಡೆಯ ಮುಂದೆ ನಿಂತು ನಮ್ಮವರೇ ವಿವರಿಸಬೇಕು. ನನ್ನ ಎದುರು ಬಾಯಿಪಾಠ ಒಪ್ಪಿಸುವ ಹುಡುಗ, ತನಗಿಂತ ಚಿಕ್ಕವನು "ಯಾಕಣ್ಣ?" ಅಂತ ಕೇಳಿದಾಗ ತಡವರಿಸುತ್ತಾನೆ. ಅವನಿಗೆ ಎಷ್ಟು ಗೊತ್ತು ಅನ್ನುವುದು ನನಗೆ ಗೊತ್ತಾಗುವುದು ಆಗಲೇ. ಅದಕ್ಕಿಂತ ಒಳ್ಳೆಯ ಪರೀಕ್ಷೆ ನಾನು ಇನ್ನೂ ಕಂಡಿಲ್ಲ.

ಮೋಡ ಇದ್ದ ಶುಕ್ರವಾರ ನೆರಳು ಇರುವುದಿಲ್ಲ. ಆ ಜಾಗ ಗೋಡೆಯಲ್ಲಿ ಖಾಲಿ ಉಳಿಯುತ್ತದೆ. ಅಂದಾಜಿನಲ್ಲಿ ಒಂದು ಪಟ್ಟಿ ಅಂಟಿಸಿಬಿಡೋಣ ಅಂತ ಪ್ರತಿ ವರ್ಷ ಯಾರಾದರೂ ಹೇಳುತ್ತಾರೆ. ಆಗ ನಾನು ಕಾಳಿನ ಕಥೆ ಹೇಳುತ್ತೇನೆ.

ಮಳೆಗಾಲಕ್ಕೆ ಪ್ಲಾಸ್ಟಿಕ್ ಬಾಟಲಿಯ ಮಳೆಮಾಪಕ. ಕತ್ತನ್ನು ಕತ್ತರಿಸಿ ಆಲಿಕೆಯ ಹಾಗೆ ಬೋರಲು ಇಡುವುದು. ಬಾಟಲಿಯ ತಳ ಉಬ್ಬುತಗ್ಗಾಗಿರುತ್ತದೆ, ಹಾಗಾಗಿ ಕಲ್ಲು ಹಾಕಿ, ಸೊನ್ನೆ ಗೆರೆಯವರೆಗೆ ಮೊದಲೇ ನೀರು ತುಂಬಿಡಬೇಕು. ಇದು ಎಷ್ಟೋ ಜನರಿಗೆ ಹೊಳೆಯುವುದಿಲ್ಲ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ನಮ್ಮ ಕೋಣೆಯ ಮಾಡು 48 ಚದರ ಮೀಟರ್. 10 ಮಿಲಿಮೀಟರ್ ಮಳೆಗೆ 480 ಲೀಟರ್. ಗುಣಾಕಾರ ಅಂದರೆ ಮೇಜಿನ ಕೆಳಗೆ ಅಡಗುವವನೊಬ್ಬ ಆ ವಾರ ಇಡೀ ಶಾಲೆಯ ಮಾಡಿನ ಲೆಕ್ಕ ಮಾಡಿಕೊಂಡು ಬಂದಿದ್ದ. ಒಂದು ಸೊನ್ನೆ ತಪ್ಪಿತ್ತು, ಇರಲಿ.

ಎಲೆ ಉದುರುವ ಕಾಲಕ್ಕೆ, ಹಸಿರು ಎಲೆ ಜಜ್ಜಿ ಸರ್ಜಿಕಲ್ ಸ್ಪಿರಿಟ್‌ನಲ್ಲಿ ನೆನೆಸಿ, ಸೋಸುಕಾಗದದ ತುದಿ ಅದ್ದಿ ಇಡುತ್ತೇವೆ. ಸ್ಪಿರಿಟ್ ಮುಟ್ಟುವ ಕೆಲಸ ನನ್ನದು, ಮಕ್ಕಳದಲ್ಲ. ಹಸಿರಿನ ಮೇಲೆ ಹಳದಿಯ ಗೆರೆ ಏರುತ್ತದೆ. ಹಳದಿ ಬಣ್ಣ ಎಲೆಯೊಳಗೆ ಮೊದಲಿಂದಲೂ ಇತ್ತು, ಹಸಿರು ಕರಗಿದ ಮೇಲೆ ಕಾಣಿಸುತ್ತದೆ ಅಷ್ಟೇ.

ಇನ್ನು ಪಾಠ. ಅಳತೆ, ಕಳೆಯುವುದು, ಗುಣಾಕಾರ, ಗ್ರಾಫ್, ದಿಕ್ಕು, ತಾರೀಖು, ನೋಡಿದ್ದನ್ನು ನಾಲ್ಕು ವಾಕ್ಯದಲ್ಲಿ ಬರೆಯುವುದು, ನಿಂತು ಮಾತಾಡುವುದು. ಇವೆಲ್ಲ ಪಠ್ಯದಲ್ಲೇ ಇರುವಂಥವು. ಗೋಡೆಯ ಪಟ್ಟಿಗಳೇ ನಮ್ಮ ಸ್ತಂಭ ನಕ್ಷೆ, ಬೇರೆ ಬಿಡಿಸಬೇಕಿಲ್ಲ. ನಿಜ, ಮಗ್ಗಿ ಇದರಿಂದ ಬರುವುದಿಲ್ಲ. ಮಗ್ಗಿಗೆ ಮಗ್ಗಿಯೇ ಹೇಳಬೇಕು, ಹೇಳಿಸುತ್ತೇನೆ. ಕೈಯಿಂದ ಮಾಡಿ ಕಲಿತರೆ ಎಲ್ಲವೂ ತಾನಾಗಿ ಬಂದುಬಿಡುತ್ತದೆ ಅನ್ನುವವರ ಜೊತೆ ನನಗೆ ಸ್ವಲ್ಪ ಜಗಳವಿದೆ.

ಇದೇನು ಹೊಸ ಫ್ಯಾಷನ್ ಅನ್ನುವವರಿಗೆ: ಜರ್ಮನಿಯ ಫ್ರೋಬೆಲ್ 1837ರಲ್ಲಿ ಪುಟ್ಟ ಮಕ್ಕಳ ಶಾಲೆ ತೆರೆದ. ಅದಕ್ಕೇ ಮುಂದೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ ಅಂತ ಹೆಸರಿಟ್ಟ. ಹೆಸರಿಗಷ್ಟೇ ತೋಟ ಅಲ್ಲ. ಮಕ್ಕಳಿಗೆ ತಮ್ಮದೇ ಮಡಿ ಕೊಟ್ಟು ಬೆಳೆಸಲು ಬಿಡಬೇಕು ಅನ್ನುವುದು ಅವನ ಮಾತಾಗಿತ್ತು. ಆ ಹೆಸರು ಲೋಕವೆಲ್ಲ ಹರಡಿತು, ಮಡಿ ಮಾತ್ರ ಎಷ್ಟೋ ಕಡೆ ದಾರಿಯಲ್ಲೇ ಬಿದ್ದುಹೋಯಿತು.

ನಮ್ಮ ಶಾಲೆಗೆ ಮೈದಾನವೇ ಇಲ್ಲ, ಕ್ಲಾಸ್ ಮೂರನೇ ಮಹಡಿಯಲ್ಲಿದೆ, ನಾವೇನು ಮಾಡೋಣ ಅಂತಲೂ ಕೇಳುತ್ತಾರೆ. ಬಿಸಿಲು ಬರುವ ಒಂದು ಕಿಟಕಿ ಇದೆಯಲ್ವಾ? ಗಾಜಿಗೆ ನಾಣ್ಯದಷ್ಟು ಕಾಗದ ಅಂಟಿಸಿ. ಅದರ ನೆರಳು ನೆಲದ ಮೇಲೆ ಎಲ್ಲಿ ಬೀಳುತ್ತದೋ ಅಲ್ಲಿ ವಾರಕ್ಕೊಮ್ಮೆ, ಅದೇ ಹೊತ್ತಿಗೆ, ಟೇಪಿನ ತುಂಡು ಅಂಟಿಸಿ ತಾರೀಖು ಬರೆಯಿರಿ. ಮೂರು ತಿಂಗಳಲ್ಲಿ ನೆಲದ ಮೇಲೆ ಒಂದು ದಾರಿ ಮೂಡುತ್ತದೆ. ಒಂದೇ ಒಂದು ಮಾತು, ಕೋಣೆ ಗುಡಿಸಿ ಒರೆಸುವವರಿಗೆ ಮೊದಲೇ ಹೇಳಿಡಿ. ನಮ್ಮದು ಒಮ್ಮೆ ಹನ್ನೊಂದು ವಾರದ ಗುರುತು ಒಂದೇ ಬೆಳಿಗ್ಗೆ ಕಿತ್ತುಹೋಗಿತ್ತು. ಮುಂದಿನ ವರ್ಷ ಮಕ್ಕಳು ಆ ಅಕ್ಕನನ್ನೇ ಕರೆದು ಮೊದಲ ಟೇಪ್ ಅಂಟಿಸಿದರು. ಆಮೇಲೆ ಒಂದೂ ಕಿತ್ತುಹೋಗಲಿಲ್ಲ.