ಮುಖಕ್ಕೆ ಮಾಸ್ಕ್ ಕಟ್ಟಿಕೊಂಡರೆ ನಿದ್ದೆ ಹೇಗೆ ಬರುತ್ತದೆ?

ನನಗೆ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ಕಾಯಿಲೆ ಇದೆ, ರಾತ್ರಿ ಮಾಸ್ಕ್ ಮೂಲಕ ಗಾಳಿ ಕಳಿಸುವ ಸಿಪ್ಯಾಪ್ ಯಂತ್ರ ಹಾಕಿಕೊಂಡು ಮಲಗುತ್ತೇನೆ ಎಂದು ತಿಳಿದವರೆಲ್ಲ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಹಲವರು ತಾವೂ ಯಂತ್ರ ತಂದು, ಕೆಲವು ರಾತ್ರಿ ಒದ್ದಾಡಿ, ಎತ್ತಿಟ್ಟವರು. ಸಹಿಸಿಕೊಳ್ಳಿ, ರೂಢಿಯಾಗುತ್ತದೆ ಎಂದು ನಾನು ಅವರಿಗೆ ಹೇಳುವುದಿಲ್ಲ. ಕಿರಿಕಿರಿ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ಎನ್ನುತ್ತೇನೆ, ಏಕೆಂದರೆ ಹೆಚ್ಚಿನ ತೊಂದರೆಗಳಿಗೆ ನಿರ್ದಿಷ್ಟ ಕಾರಣವೂ ಪರಿಹಾರವೂ ಇರುತ್ತವೆ.

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುವುದೇ ಈ ಕಾಯಿಲೆಯ ಸಾಮಾನ್ಯ ರೂಪ. ಉಸಿರು ಕನಿಷ್ಠ 10 ಸೆಕೆಂಡು ನಿಂತರೆ ಒಂದು ಸಲ ಎಂದು ಎಣಿಸುತ್ತಾರೆ; ನಿಲ್ಲುವುದು, ಕುಗ್ಗುವುದು ಎರಡೂ ಸೇರಿ ಗಂಟೆಗೆ 30 ಮುಟ್ಟಿದರೆ ಅದು ತೀವ್ರ. ಯಂತ್ರ ಆಮ್ಲಜನಕ ಕೊಡುತ್ತದೆಂದು ಅನೇಕರು ಭಾವಿಸಿದ್ದಾರೆ. ಅದು ಕೋಣೆಯ ಗಾಳಿಯನ್ನೇ ಒತ್ತಡದಲ್ಲಿ ಕಳಿಸಿ ಗಂಟಲು ಕುಸಿಯದಂತೆ ತಡೆಯುತ್ತದೆ, ಅಷ್ಟೇ. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಈ ಚಿಕಿತ್ಸೆಯ ಮೂಲ ತತ್ತ್ವ ಇಂದಿಗೂ ಬದಲಾಗಿಲ್ಲ.

ಬಹುಪಾಲು ಗೋಳು ಮಾಸ್ಕ್‌ನದು. ಗಾಳಿ ಸೋರಿದ ಕೂಡಲೇ ಕೈ ಪಟ್ಟಿಯನ್ನು ಬಿಗಿಯಲು ಹೋಗುತ್ತದೆ. ಆದರೆ ಅಂಚಿನಲ್ಲಿರುವ ತೆಳುವಾದ ಸಿಲಿಕೋನ್ ಪದರ ಗಾಳಿ ತುಂಬಿ ಉಬ್ಬಿದಾಗಲೇ ಚರ್ಮಕ್ಕೆ ಕೂರುತ್ತದೆ, ಅತಿಯಾಗಿ ಬಿಗಿದರೆ ಅದು ಮಡಿಚಿಕೊಂಡು ಇನ್ನಷ್ಟು ಸೋರುವುದಲ್ಲದೆ ಮೂಗಿನ ದಿಂಡಿನ ಮೇಲೆ ಗಾಯವಾಗುತ್ತದೆ. ಮಲಗಿದಾಗ ಮುಖದ ಆಕಾರ ತುಸು ಬದಲಾಗುವುದರಿಂದ, ಯಂತ್ರ ಚಾಲೂ ಮಾಡಿ, ಮಲಗಿಕೊಂಡೇ ಪಟ್ಟಿ ಸರಿಪಡಿಸಬೇಕು. ನಾನು ಮಾಸ್ಕನ್ನು ಮುಖದಿಂದ ಸ್ವಲ್ಪ ಮುಂದಕ್ಕೆಳೆದು, ಆ ಪದರ ಉಬ್ಬಲು ಬಿಟ್ಟು, ಮೆಲ್ಲಗೆ ಕೂರಿಸುತ್ತೇನೆ. ಪಟ್ಟಿಯನ್ನು ಮುಟ್ಟುವುದು ಅಪರೂಪ. ಚರ್ಮದ ಎಣ್ಣೆ ಅಂಟಿದರೂ ಸೋರುವುದರಿಂದ ಆ ಸಿಲಿಕೋನ್ ಭಾಗವನ್ನು ದಿನವೂ ತೊಳೆಯಬೇಕು.

ಬೆಳಿಗ್ಗೆ ಬಾಯಿ ಒಣಗಿದ್ದರೆ, ಮೂಗಿನಿಂದ ಹೋದ ಗಾಳಿ ಬಾಯಿಂದ ಹೊರಬೀಳುತ್ತಿರಬಹುದು. ಮೂಗು ಕಟ್ಟುವುದಕ್ಕೆ ಚಿಕಿತ್ಸೆ ಪಡೆಯುವುದು, ಯಂತ್ರದ ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್‌ನ ತೇವ ಹೆಚ್ಚಿಸುವುದು, ಅದಕ್ಕೂ ಬಗ್ಗದಿದ್ದರೆ ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್ ಹಾಕುವುದು ದಾರಿ. ತೇವ ಹೆಚ್ಚಿ, ಕೋಣೆ ತಣ್ಣಗಿದ್ದರೆ ಯಂತ್ರದಿಂದ ಮಾಸ್ಕಿಗೆ ಗಾಳಿ ತರುವ ನಳಿಕೆಯೊಳಗೆ ಹನಿಗಟ್ಟಿ ನೀರು ಮುಖಕ್ಕೆ ಸಿಡಿಯುತ್ತದೆ. ಬಿಸಿಯಾಗುವ ನಳಿಕೆ ಇದನ್ನು ತಪ್ಪಿಸುತ್ತದೆ. ಹೊಟ್ಟೆಯಲ್ಲಿ ಗಾಳಿ ತುಂಬಿದಂತಾದರೆ ಒತ್ತಡವನ್ನು ನೀವೇ ಬದಲಿಸದೆ ವೈದ್ಯರಿಗೆ ತಿಳಿಸಿ.

ಮುಖ ಮುಚ್ಚಿದರೆ ಗಾಬರಿಯಾಗುವವರು ಹಗಲಿನಲ್ಲಿ ಓದುತ್ತಲೋ ಹಾಡು ಕೇಳುತ್ತಲೋ ಮಾಸ್ಕ್ ಹಾಕಿ ಕೂರುವುದು ಒಳ್ಳೆಯದು. ಒತ್ತಡವನ್ನು ನಿಧಾನವಾಗಿ ಏರಿಸುವ ರ‍್ಯಾಂಪ್ ಸೌಲಭ್ಯವೂ ನೆರವಾಗುತ್ತದೆ.

ಒಂದನ್ನು ಮಾತ್ರ ನಾನು ಒತ್ತಿ ಹೇಳುತ್ತೇನೆ. ನಡುರಾತ್ರಿ ಎದ್ದವರು ಅರ್ಧ ರಾತ್ರಿ ಹಾಕಿದ್ದಾಯಿತಲ್ಲ ಎಂದು ಮಾಸ್ಕ್ ತೆಗೆದಿಟ್ಟು ಮಲಗುತ್ತಾರೆ. ಕನಸು ಬೀಳುವ ನಿದ್ದೆ ರಾತ್ರಿಯ ಕೊನೆಯ ಭಾಗದಲ್ಲೇ ಹೆಚ್ಚು, ಅನೇಕರಲ್ಲಿ ಉಸಿರು ನಿಲ್ಲುವುದೂ ಆಗಲೇ ಹೆಚ್ಚು. ಆದ್ದರಿಂದ ಬಚ್ಚಲಿಗೆ ಹೋಗಿ ಬಂದ ಮೇಲೆ ಮತ್ತೆ ಹಾಕಿಕೊಳ್ಳಿ. ಮಧ್ಯಾಹ್ನದ ಸಣ್ಣ ನಿದ್ದೆಗೂ ಅದು ಬೇಕು.