ಮಳೆ ಬಿಡುವ ಮುಂಚೆ ಮೊದಲ ಪಾಠ

ವಿದ್ಯಾರ್ಥಿಗಳ ಪಾಲಿಗೆ ಹೊಸ ಶೈಕ್ಷಣಿಕ ವರ್ಷ ಶುರುವಾಗುವುದು ಮೊದಲ ತರಗತಿಯ ದಿನ. ಅಧ್ಯಾಪಕರಿಗೆ ಅದು ಇನ್ನೂ ಮುಂಚೆಯೇ, ವಿಭಾಗದ ಮೇಜಿನ ಮೇಲೆ ಖಾಲಿ ವೇಳಾಪಟ್ಟಿಯ ಹಾಳೆ ಹರಡಿದ ದಿನವೇ ಶುರುವಾಗಿರುತ್ತದೆ. ಯಾರಿಗೆ ಯಾವ ಪತ್ರಿಕೆ, ಯಾವ ಮಧ್ಯಾಹ್ನ ಪ್ರಾಯೋಗಿಕ ತರಗತಿ, ಯಾರು ಮೊದಲ ಸೆಮಿಸ್ಟರಿಗೆ ಹೋಗುವವರು ಎಂಬುದೆಲ್ಲ ಅಂದು ಗೊತ್ತಾದರೆ ಆ ಸೆಮಿಸ್ಟರ್ ಮುಗಿಯುವ ತನಕ ಕದಲುವುದಿಲ್ಲ. ಈ ಸಲ ತುಳುನಾಡಿನ ಆಟಿ ತಿಂಗಳ (ಜುಲೈ–ಆಗಸ್ಟ್) ಕೊನೆಗೆ ನಡೆದ ಸಭೆಗೆ ನಾನು ಒಂದೇ ಒಂದು ಕೋರಿಕೆ ಹಿಡಿದುಕೊಂಡು ಹೋಗಿದ್ದೆ. ಮೊದಲ ಸೆಮಿಸ್ಟರಿನ ಹಾವಸೆ ಮತ್ತು ಜರಿಗಿಡಗಳ ಪತ್ರಿಕೆಯನ್ನು ಮಳೆ ಇರುವಾಗಲೇ, ಕೋಣೆಯ ಹೊರಗೆ ಆರಂಭಿಸಬೇಕು ಎಂಬುದು ಆ ಕೋರಿಕೆ.

ನಾನು ಸಸ್ಯಶಾಸ್ತ್ರ ಕಲಿಸುವವಳು. ನಾವಿರುವುದು ಕೊಣಾಜೆಯಲ್ಲಿ. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಹುಟ್ಟಿದ ಸಂಸ್ಥೆ 1980ರ ಸೆಪ್ಟೆಂಬರ್ 10ರಂದು ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಅದರ ಆವರಣ, ಮಂಗಳಗಂಗೋತ್ರಿ, ನಿಂತಿರುವುದು ಮುರಕಲ್ಲಿನ ಗುಡ್ಡದ ಮೇಲೆ. ನನ್ನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಮುರಕಲ್ಲಿನ ಮೈತುಂಬ ತೂತು. ಆ ತೂತುಗಳಲ್ಲಿ ನೀರು ನಿಲ್ಲುತ್ತದೆ, ನೀರು ನಿಂತಲ್ಲಿ ಮಣ್ಣಿನ ಕಣ ಕೂರುತ್ತದೆ, ಅಲ್ಲಿ ಹಾವಸೆ, ಜರಿಗಿಡಗಳು ಬೀಜದ ಬದಲು ಬಿಡುವ ಬೀಜಕ (ಸ್ಪೋರ್) ಮೊಳೆಯುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ಮಂಗಳೂರು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಆ ನಾಲ್ಕು ತಿಂಗಳು ಹಾಸ್ಟೆಲಿನ ಮೆಟ್ಟಿಲು, ಆವರಣದ ಗೋಡೆ, ರಸ್ತೆ ಬದಿಯ ಬರೆ (ಗುಡ್ಡ ಕಡಿದ ಮಣ್ಣಿನ ಗೋಡೆ) ಎಲ್ಲವೂ ನನಗೆ ಪಠ್ಯವೇ. ಬರೆಯ ಒದ್ದೆ ಮಣ್ಣಿನ ಮೇಲೆ ಹಾವಸೆಯ ಬಳಗದ ರಿಕ್ಸಿಯಾ ಹೂವಿನಾಕಾರದಲ್ಲಿ ಹರಡಿಕೊಂಡಿರುತ್ತದೆ. ಸ್ವಲ್ಪ ಹುಡುಕಿದರೆ ಕೊಂಬು ನಿಮಿರಿಸಿ ನಿಂತ, ಅದೇ ಬಳಗದ ಆಂಥೋಸೆರಾಸ್ ಸಿಗುತ್ತದೆ. ನೆರಳಿರುವಲ್ಲಿ ಜರಿಗಿಡಗಳ ನಂಟಿನ ಸೆಲಾಜಿನೆಲ್ಲಾ, ಹಳೆಯ ಮರಗಳ ಕಾಂಡದ ಮೇಲೆ ಡ್ರೈನೇರಿಯಾ ಜರಿಗಿಡ.

ಈ ಪೈಕಿ ಹಲವು ಕಾಯುವುದಿಲ್ಲ. ಮಳೆ ಹಿಂದೆ ಸರಿದು ಬಿಸಿಲು ಬಿದ್ದರೆ ರಿಕ್ಸಿಯಾ ಬೀಜಕ ಬಿಟ್ಟು ಒಣಗಿ ಮಣ್ಣಿನಲ್ಲಿ ಮಣ್ಣಾಗುತ್ತದೆ. ಆಂಥೋಸೆರಾಸ್ ಕೂಡ ಹಾಗೆಯೇ. ಹಿಂದೆ ಸ್ನಾತಕೋತ್ತರ ತರಗತಿಗಳು ಮಳೆಗಾಲದ ನಡುವೆಯೇ ಆರಂಭವಾಗುತ್ತಿದ್ದಾಗ ಇದು ಯಾರಿಗೂ ಚಿಂತೆಯ ವಿಷಯವಾಗಿರಲಿಲ್ಲ. 2020ರ ಕೊರೊನಾದ ನಂತರ ರಾಜ್ಯದಲ್ಲೆಲ್ಲ ಶೈಕ್ಷಣಿಕ ವೇಳಾಪಟ್ಟಿ ಮುಂದೆ ಸರಿಯಿತು. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂತು, 2024–25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಪ್ರತಿ ಬದಲಾವಣೆಗೂ ಪಠ್ಯಕ್ರಮ, ಪರೀಕ್ಷೆ, ಫಲಿತಾಂಶ ಎಲ್ಲವನ್ನೂ ಹೊಂದಿಸಬೇಕು. ಪದವಿಯ ಕೊನೆಯ ಫಲಿತಾಂಶ ಬಾರದೆ ಎಂ.ಎಸ್ಸಿ. ಪ್ರವೇಶ ಮುಗಿಯುವುದಿಲ್ಲ. ಹೀಗೆ ಹೊಸ ಮಕ್ಕಳು ಬಂದು ಕುಳಿತು, ಪರಿಚಯವಾಗಿ, ಪಾಠ ಹಿಡಿತಕ್ಕೆ ಬರುವಷ್ಟರಲ್ಲಿ ಅಷ್ಟಮಿ ಕಳೆದು, ಚೌತಿ ಕಳೆದು, ದಸರಾ ರಜೆಯೂ ಎದುರಿಗೆ ಬಂದಿರುತ್ತದೆ. ಆಮೇಲೆ ನಾನು ಅವರನ್ನು ಗೋಡೆಯ ಬಳಿ ಕರೆದುಕೊಂಡು ಹೋದರೆ ತೋರಿಸುವುದಕ್ಕೆ ಕಂದು ಬಣ್ಣದ ಹೊಪ್ಪಳೆ ಮಾತ್ರ.

ಸಭೆಯ ದಿನ ಬೆಳಿಗ್ಗೆ ಸಭಾಂಗಣದಲ್ಲಿ ಎಲ್ಲ ವಿಭಾಗಗಳ ಅಧ್ಯಾಪಕರಿಗೂ ಒಟ್ಟಾಗಿ ಸ್ವಾಗತ, ಸೂಚನೆ, ಊಟದ ವ್ಯವಸ್ಥೆಯ ಪ್ರಕಟಣೆ ಆಯಿತು. ನಮ್ಮ ನಿಜವಾದ ಕೆಲಸ ಹನ್ನೊಂದೂವರೆಯ ನಂತರ ವಿಭಾಗದಲ್ಲಿ. ಸಹೋದ್ಯೋಗಿಯೊಬ್ಬರು ಮನೆಯಿಂದ ಪತ್ರೊಡೆ ತಂದಿದ್ದರು. ಅದೂ ಮರಕೆಸುವಿನದು. ಮರದ ಮೇಲೆ ಮಳೆಗಾಲದಲ್ಲಷ್ಟೇ ಚಿಗುರಿ ಮಳೆ ಮುಗಿದ ಮೇಲೆ ಕಾಣದಾಗುವ ಗಿಡದ ಎಲೆಯನ್ನು ತಿನ್ನುತ್ತಾ ನನ್ನ ಕೋರಿಕೆ ಮಂಡಿಸುವಂತಾಯಿತು. ಕರಾವಳಿಯ ಅಡುಗೆಮನೆಗೆ ಈ ಲೆಕ್ಕ ಚೆನ್ನಾಗಿ ತಿಳಿದಿದೆ. ಆಟಿಯಲ್ಲಿ ತಗಟೆ ಸೊಪ್ಪು, ಮರಕೆಸು ಸಿಕ್ಕಾಗಲೇ ತರುತ್ತಾರೆ. ಕೆಸುವಿನ ತುರಿಕೆ ಹೋಗಲು ಹುಣಸೆಹುಳಿ ಬೇಕೆಂಬುದನ್ನೂ ಮರೆಯುವುದಿಲ್ಲ.

ಈ ವರ್ಷ ನಮ್ಮ ಜೊತೆ ಸೇರಿದ ಕಿರಿಯ ಅಧ್ಯಾಪಕಿ ರಾಯಚೂರು ಕಡೆಯವರು. ಕರಾವಳಿಯ ಮಳೆಗಾಲ ಅವರಿಗೆ ಇದೇ ಮೊದಲು. ಬಸ್ಸಿನಿಂದ ಇಳಿದು ವಿಭಾಗಕ್ಕೆ ನಡೆದು ಬರುವಾಗ ಗೋಡೆಯ ಪಕ್ಕ ನಿಂತು ನೋಡಿದ್ದರಂತೆ. ಸಭೆಯಲ್ಲಿ ಅವರೇ ಹೇಳಿದರು: “ಮೇಡಂ, ನಾನು ಬಿ.ಎಸ್ಸಿ.ಯಲ್ಲಿ ರಿಕ್ಸಿಯಾ ನೋಡಿದ್ದು ಫಾರ್ಮಲಿನ್ ಬಾಟಲಿಯಲ್ಲಿ. ಅದಕ್ಕೆ ಬಣ್ಣವೇ ಇರಲಿಲ್ಲ. ಅದು ಇಷ್ಟು ಹಸಿರಾಗಿರುತ್ತದೆ ಎಂದು ಇವತ್ತು ಗೊತ್ತಾಯಿತು.” ಪಿಎಚ್.ಡಿ. ಮುಗಿಸಿದವರ ಬಾಯಿಂದ ಈ ಮಾತು ಕೇಳಿ ನನಗೆ ಸಂಕಟವಾಯಿತು. ಅವರ ಊರಿನ ಬಿಸಿಲಿನಲ್ಲಿ ಬಾಟಲಿಯೇ ಗತಿ, ಒಪ್ಪೋಣ. ಬಾಗಿಲಾಚೆಯೇ ಜೀವಂತ ಗಿಡ ಇರುವ ನಾವೂ ಬಾಟಲಿಯನ್ನೇ ತೋರಿಸುವುದು ಸರಿಯಲ್ಲ.

ಬಣ್ಣದ ಮಾತಷ್ಟೇ ಇದಲ್ಲ. ಹಾವಸೆಗಳಲ್ಲಿ ಗಂಡುಕೋಶ ನೀರಿನ ತೆಳು ಪದರದಲ್ಲಿ ಈಜಿಕೊಂಡೇ ಅಂಡವನ್ನು ಸೇರಬೇಕು. ಜರಿಗಿಡಗಳಲ್ಲೂ ಅಷ್ಟೇ. ನೆಲಕ್ಕೆ ಬಂದ ಮೇಲೂ ಈ ಸಸ್ಯಗಳು ಸಂತಾನಕ್ಕೆ ನೀರನ್ನೇ ನೆಚ್ಚಿಕೊಂಡಿವೆ ಎಂಬುದು ಆ ಇಡೀ ಪತ್ರಿಕೆಯ ತಿರುಳು. ಇದನ್ನು ಹಲಗೆಯ ಮೇಲೆ ಚಿತ್ರ ಬರೆದು ಹೇಳಬಹುದು, ನಾನೂ ಬರೆಯುತ್ತೇನೆ. ಆದರೆ ಮಳೆ ಹನಿಯುತ್ತಿರುವಾಗ ಕೊಡೆ ಹಿಡಿದು, ಹತ್ತು ಪಟ್ಟು ಹಿಗ್ಗಿಸುವ ಕೈಮಸೂರದಲ್ಲಿ ಹಾವಸೆಯ ತುದಿಯ ನೀರಿನ ಹನಿಯನ್ನು ನೋಡಿದ ವಿದ್ಯಾರ್ಥಿಗೆ ಅದನ್ನು ಎರಡನೇ ಸಲ ಹೇಳಬೇಕಾಗಿಲ್ಲ.

ಸಭೆಯಲ್ಲಿ ಎದ್ದ ಆಕ್ಷೇಪಗಳು ಹಗುರವಾಗಿರಲಿಲ್ಲ. ಒಬ್ಬರು ಕೇಳಿದರು: “ಒಣಗಿದ ಹಾವಸೆಗೆ ನೀರು ಚಿಮುಕಿಸಿದರೆ ಮತ್ತೆ ಹಸಿರಾಗುತ್ತದಲ್ಲ ಮೇಡಂ? ನವೆಂಬರಿನಲ್ಲಿ ಪ್ರಯೋಗಾಲಯದಲ್ಲೇ ತೋರಿಸಬಹುದಲ್ಲವೇ?” ಗೋಡೆಯ ಮೇಲಿನ ಎಷ್ಟೋ ಹಾವಸೆಗಳಿಗೆ ಈ ಮಾತು ನಿಜ. ರಿಕ್ಸಿಯಾಕ್ಕೆ, ಆಂಥೋಸೆರಾಸಿಗೆ ಅದು ಸಲ್ಲುವುದಿಲ್ಲ, ಒಮ್ಮೆ ಹೋದರೆ ಮುಂದಿನ ಮಳೆಯವರೆಗೆ ಇಲ್ಲ. ಇನ್ನೊಬ್ಬರದು ಲೆಕ್ಕದ ಪ್ರಶ್ನೆ. ವಾರಕ್ಕೆ ಒಂದು ಗಂಟೆಯ ಪಾಠಕ್ಕೆ ಒಂದು ಕ್ರೆಡಿಟ್, ಎರಡು ಗಂಟೆಯ ಪ್ರಾಯೋಗಿಕಕ್ಕೆ ಒಂದು ಕ್ರೆಡಿಟ್. ಸಹಾಯಕ ಪ್ರಾಧ್ಯಾಪಕರಿಗೆ ವಿಶ್ವವಿದ್ಯಾನಿಲಯ ಅನುದಾನ ಆಯೋಗ (ಯುಜಿಸಿ) ಹೇಳಿರುವುದು ವಾರಕ್ಕೆ 16 ಗಂಟೆಯ ಬೋಧನೆ, ಮೇಲಿನವರಿಗೆ 14. ಮೊದಲ ವಾರಗಳಲ್ಲಿ ಪಾಠವನ್ನೆಲ್ಲ ಬಿಟ್ಟು ಗುಡ್ಡ ಸುತ್ತಿದರೆ ಕಾರ್ಯಭಾರದ ಪಟ್ಟಿಯಲ್ಲಿ ಏನೆಂದು ಬರೆಯುವುದು? ಸೆಮಿಸ್ಟರಿನ ಒಟ್ಟು ಗಂಟೆ ಬದಲಾಗುವುದಿಲ್ಲ, ಪ್ರಾಯೋಗಿಕದ ಗಂಟೆಗಳು ಮುಂದಕ್ಕೆ ಬರುತ್ತವೆ, ಪಾಠದ ಗಂಟೆಗಳು ಹಿಂದಕ್ಕೆ ಹೋಗುತ್ತವೆ ಎಂದು ಹಾಳೆಯ ಮೇಲೆ ಬರೆದೇ ತೋರಿಸಿದೆ.

ನನ್ನನ್ನು ನಿಜಕ್ಕೂ ಯೋಚನೆಗೆ ಹಚ್ಚಿದ್ದು ಮುಖ್ಯಸ್ಥರ ಪ್ರಶ್ನೆ. “ಕೊನೆಯ ಪಟ್ಟಿಯಲ್ಲಿ ಸೇರುವ ಮಕ್ಕಳ ಗತಿಯೇನು? ನೀವು ಮೊದಲ ವಾರವೇ ಹೊರಗೆ ಹೋದರೆ ಅವರಿಗೆ ಅದು ಶಾಶ್ವತವಾಗಿ ತಪ್ಪುತ್ತದೆ.” ತಡವಾಗಿ ಬರುವವರಲ್ಲಿ ಫಲಿತಾಂಶಕ್ಕಾಗಿ ಕಾದು ಕುಳಿತವರಿರುತ್ತಾರೆ, ಶುಲ್ಕದ ಹಣ ಹೊಂದಿಸಲು ಹೊತ್ತು ಹಿಡಿದವರಿರುತ್ತಾರೆ, ಸುಳ್ಯ ಬೆಳ್ತಂಗಡಿಯ ಒಳಗಿನ ಹಳ್ಳಿಗಳಿಂದ ಹಾಸ್ಟೆಲಿಗೆ ಅರ್ಜಿ ಹಾಕಿ ಉತ್ತರ ಕಾಯುವ ಹುಡುಗಿಯರಿರುತ್ತಾರೆ. ಅವರನ್ನು ಬಿಟ್ಟು ಮಾಡುವ ಪಾಠ ಎಷ್ಟು ಒಳ್ಳೆಯದಿದ್ದರೂ ನನಗೆ ಬೇಡ. ಮುಖ್ಯಸ್ಥರು ಆ ಪ್ರಶ್ನೆ ಎತ್ತಿದ್ದಕ್ಕೆ ಅವರ ಮೇಲಿನ ಗೌರವ ಹೆಚ್ಚಿತು.

ದಾರಿ ತೋರಿದವರು ನಮ್ಮ ಹಿರಿಯ ಪ್ರಾಧ್ಯಾಪಕರು. ನಡಿಗೆ ಎರಡು ಸಲ ಆಗಲಿ ಎಂದರು. ಸೇರಿದಷ್ಟು ಮಂದಿಯೊಂದಿಗೆ ತರಗತಿ ಆರಂಭವಾದ ಕೂಡಲೇ ಒಂದು. ಪ್ರವೇಶ ಮುಗಿದ ಮೊದಲ ಶನಿವಾರ ಇನ್ನೊಂದು. ಎರಡನೆಯದಕ್ಕೆ ಮೂರನೇ ಸೆಮಿಸ್ಟರಿನವರು ಜೊತೆಗಿರಲಿ, ಅವರೇ ಕಿರಿಯರಿಗೆ ತೋರಿಸಲಿ. ಅವರ ತರಗತಿ ಹೇಗೂ ಈಗಲೇ ಶುರುವಾಗುವುದರಿಂದ ಇಂದಿನಿಂದಲೇ ಗಿಡ ಗುರುತಿಟ್ಟುಕೊಳ್ಳಬಹುದು. ಮಣ್ಣಿನ ಸಮೇತ ಎತ್ತಿ ತಂದ ಕೆಲವು ತುಣುಕುಗಳನ್ನು ಪ್ರಯೋಗಾಲಯದ ಹಿಂದಿನ ನೆರಳಿನಲ್ಲಿ ತಟ್ಟೆಗಳಲ್ಲಿ ಇಟ್ಟು ನೀರುಣಿಸಿ ಕಾಯೋಣ, ಕೊನೆಗೆ ಬಂದವರಿಗೂ ಹಸಿರು ಸಿಗಲಿ. ಈ ಮಾತು ಎಲ್ಲರಿಗೂ ಒಪ್ಪಿಗೆಯಾಯಿತು.

ಆಗ ಚಹಾ ತಂದ ನಮ್ಮ ಅಟೆಂಡರ್ ಬಾಗಿಲಲ್ಲೇ ನಿಂತು, “ಕೊಂಬಿನ ಪಾಚಿಯಾದರೆ ನೀರಿನ ಟ್ಯಾಂಕಿನ ಕೆಳಗಿನ ಬರೆಯಲ್ಲಿ ನೋಡಿ ಮೇಡಂ, ರಸ್ತೆ ಬದಿಯದನ್ನು ಕೆರೆಸಿ ಹಾಕಿದ್ದಾರೆ” ಎಂದರು. ಇದೇ ಊರಿನವರು ಅವರು. ಪುಸ್ತಕದ ಹೆಸರು ಹೇಳದಿದ್ದರೂ ಯಾವ ಗಿಡ ಎಲ್ಲಿ, ಯಾವ ವಾರ ಎಂಬುದು ಅವರಿಗೆ ಗೊತ್ತು. ಊಟದ ನಂತರ ನಾನು, ಹೊಸ ಅಧ್ಯಾಪಕಿ, ಅವರು ಮೂವರೂ ಹೋಗಿ ನೋಡಿದೆವು. ಅವರು ಹೇಳಿದಲ್ಲೇ ಇತ್ತು, ಬರೆಯ ಉದ್ದಕ್ಕೂ. ಹಿಂತಿರುಗುವಾಗ ದಾರಿಯ ಬದಿಯ ಹಾಲೆ ಮರವನ್ನು ತೋರಿಸಿ, ಆಟಿ ಅಮಾವಾಸ್ಯೆಯ ಬೆಳಗಿನ ಜಾವ ಅದರ ತೊಗಟೆಯ ಕಷಾಯ ಕುಡಿಯುವ ಪದ್ಧತಿಯನ್ನು ಅವರು ಹೊಸಬರಿಗೆ ವಿವರಿಸಿದರು. ನಾನು ಒಂದು ಮಾತು ಸೇರಿಸಿದೆ. ಕತ್ತಲಲ್ಲಿ ತೊಗಟೆ ತೆಗೆಯುವಾಗ ಹಾಲೆಯ ಬದಲು ಕಾಸರ್ಕದ ಮರಕ್ಕೆ ಕೈಹಾಕಿದರೆ ಪ್ರಾಣಕ್ಕೇ ಅಪಾಯ, ಅದರಲ್ಲಿರುವುದು ಸ್ಟ್ರಿಕ್ನಿನ್. ಗಿಡವನ್ನು ಇದ್ದಲ್ಲಿಯೇ ನೋಡಿ ಗುರುತಿಸಲು ಕಲಿಯಬೇಕೆಂದು ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ. ಹಾಲೆಯ ಎಲೆ ಕಾಂಡದ ಸುತ್ತ ಒಂದೆಡೆ ಆರೇಳರಂತೆ ಸುತ್ತುಗಟ್ಟಿರುತ್ತದೆ. ಕಾಸರ್ಕದ್ದು ಎದುರುಬದುರು ಜೋಡಿ. ಮರದ ಕೆಳಗೆ ಒಮ್ಮೆ ತಲೆ ಎತ್ತಿ ನೋಡಿದವರು ಇದನ್ನು ಮರೆಯುವುದಿಲ್ಲ.

ಸಂಜೆ ನಾಲ್ಕರೊಳಗೆ ವೇಳಾಪಟ್ಟಿಗೆ ಮುಖ್ಯಸ್ಥರ ಸಹಿ ಬಿತ್ತು. ಮೊದಲ ಎರಡು ವಾರದ ಸೋಮವಾರ ಮತ್ತು ಬುಧವಾರದ ಮಧ್ಯಾಹ್ನಗಳು ಪೂರ್ತಿಯಾಗಿ ಹೊರಗಿನ ಕೆಲಸಕ್ಕೆ. ಹೊಸ ಅಧ್ಯಾಪಕಿ ಜರಿಗಿಡಗಳ ಭಾಗವನ್ನು ತಾವೇ ಕೇಳಿ ತೆಗೆದುಕೊಂಡರು. ಅಲ್ಲಿಯವರೆಗೆ ಪ್ರತಿದಿನ ಬೆಳಿಗ್ಗೆ ನನ್ನೊಂದಿಗೆ ಒಂದು ಸುತ್ತು ಬರುವುದೆಂದು ಮಾತಾಯಿತು. ವಿದ್ಯಾರ್ಥಿಗಳಿಗೆ ಫಲಕದಲ್ಲಿ ಹಾಕುವ ಸೂಚನೆಯನ್ನು ಅಲ್ಲೇ ಕುಳಿತು ಬರೆದೆವು: ಹಾವಸೆ ಕಟ್ಟಿದ ಮೆಟ್ಟಿಲುಗಳು ಜಾರುವುದರಿಂದ ಹಿಡಿತವಿರುವ ಚಪ್ಪಲಿ ಬೇಕು. ಕೊಡೆ, ಪೆನ್ಸಿಲ್, ಗಿಡ ಒತ್ತಿಡಲು ಹಳೆಯ ದಿನಪತ್ರಿಕೆ ತರಬೇಕು. ಕೈಮಸೂರ ವಿಭಾಗದಿಂದ ಸಿಗುತ್ತದೆ. ಒಂದು ಜಾಗದಿಂದ ಒಬ್ಬರೇ ಒಂದು ತುಣುಕು ಎತ್ತಬೇಕು, ಉಳಿದವರು ಅದನ್ನೇ ಹಂಚಿಕೊಂಡು ನೋಡಬೇಕು. ಉಂಬಳ ಹತ್ತಿದರೆ ಎಳೆಯಬಾರದು, ಉಪ್ಪಿನ ಪೊಟ್ಟಣ ಅಟೆಂಡರ್ ಬಳಿ ಇರುತ್ತದೆ. ಮಳೆ ಬಂದರೂ ತರಗತಿ ಇದೆ.