ಟೇಪು ಹಿಡಿಯದ ಆರ್ಕಿಟೆಕ್ಟ್

14 ಜೂನ್ 2025, ಶನಿವಾರ
ಕುವೆಂಪುನಗರ, ಮೈಸೂರು

ಬೆಳಿಗ್ಗೆ ಮೇಸ್ತ್ರಿ ಬಂದಿದ್ದರು. ನಮ್ಮ ಹಳೇ ಮನೆ ರಿನೋವೇಟ್ ಮಾಡಿಸ್ತಿದ್ದೀವಿ, ಒಡೆಯೋ ಕೆಲಸಕ್ಕೆ ಎಷ್ಟು ಆಳು, ಎಷ್ಟು ದಿನ ಅಂತ ಲೆಕ್ಕ ಹಾಕೋಕೆ. ಆಷಾಢಕ್ಕೆ ಇನ್ನು 12 ದಿನ. ಅಷ್ಟರೊಳಗೆ ಕೆಲಸ ಶುರುವಾಗಲೇಬೇಕು ಅಂತ ಅಮ್ಮನ ಹಟ.

ಆರ್ಕಿಟೆಕ್ಟ್ ಕೊಟ್ಟ ಡ್ರಾಯಿಂಗ್ ಶೀಟನ್ನು ದಿವಾನದ ಮೇಲೆ ಹರಡಿಕೊಂಡು ಕೂತರು. ಒಂದು ಸಲ ಶೀಟು ನೋಡಿದರು, ಒಂದು ಸಲ ಗೋಡೆ ನೋಡಿದರು. ಎದ್ದು ಹೋಗಿ ಸ್ಟೋರ್ ರೂಮ್ ನೋಡಿ ಬಂದರು. ಆಮೇಲೆ ಮೆಲ್ಲಗೆ ಕೇಳಿದರು: "ಅಕ್ಕಾ, ಇದು ನಿಮ್ಮನೆದೇನಾ?"

ನಂದೇ ಅಂದೆ. ಅವರು ಸ್ಟೋರಿನ ಕಿಟಕಿ ಮೇಲೆ ಬೆರಳಿಟ್ಟರು. ಶೀಟಿನಲ್ಲಿ ಪೂರ್ವಕ್ಕೆ ನಾಲ್ಕಡಿ ಕಿಟಕಿ ಇದೆ. ಅದಕ್ಕೆ ಯುಪಿವಿಸಿ ಫ್ರೇಮು, ಸೊಳ್ಳೆ ಪರದೆ, ಎಲ್ಲದರ ವಿವರವೂ ಇದೆ. ನಮ್ಮ ಸ್ಟೋರಿನಲ್ಲಿ ಪೂರ್ವಕ್ಕೆ ಕಿಟಕಿಯೇ ಇಲ್ಲ. ಗೋಡೆ, ಗೋಡೆಗೆ ಮೊಳೆ, ಮೊಳೆಗೆ ಜರಡಿ. ಅಷ್ಟೆ.

ನನಗೆ ಥಟ್ಟನೆ ಹೊಳೆಯಿತು. ಬೀರುವಿನಿಂದ ಅಪ್ಪನ ಹಳೇ ಬ್ಲೂಪ್ರಿಂಟ್ ತೆಗೆದೆ. ಮಡಿಕೆ ಮಡಿಕೆಗೂ ಹರಿದಿದೆ, ನೀಲಿ ಮಾಸಿ ಬೂದು ಆಗಿದೆ. 1986ರದು. ಆಗ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಇನ್ನೂ ಹುಟ್ಟಿರಲಿಲ್ಲ, ನಮ್ಮದು ಅದಕ್ಕೂ ಮುಂಚಿನ ಸಿಐಟಿಬಿ (ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್) ಸೈಟು, 30-40 ಅಡಿ. ಎರಡೂ ಶೀಟನ್ನು ಪಕ್ಕಪಕ್ಕ ಇಟ್ಟೆವು. ಒಂದೇ ಅಚ್ಚು! ಅಪ್ಪ ಪ್ಲಾನ್ ಪಾಸ್ ಮಾಡಿಸಿದ್ದು ಒಂದು, ಕಟ್ಟಿಸಿದ್ದು ಇನ್ನೊಂದು. ಅವತ್ತು ಯಾರು ತಾನೆ ಪ್ಲಾನಿನಂತೆ ಕಟ್ಟಿದ್ದರು? ಪಕ್ಕದವರು ಗೋಡೆ ಎಬ್ಬಿಸಿದರು ಅಂತ ಕಿಟಕಿ ಕೈಬಿಟ್ಟರು. ದೇವರ ಮನೆಯನ್ನು ಅಜ್ಜಿಯ ಮಾತಿಗೆ ಈಶಾನ್ಯಕ್ಕೆ ಒಯ್ದರು. ಮೆಟ್ಟಿಲು ಎಡಕ್ಕೆ ತಿರುಗಬೇಕಾದ್ದು ಬಲಕ್ಕೆ ತಿರುಗಿತು. ನಮ್ಮ ಆರ್ಕಿಟೆಕ್ಟ್ ಮಹಾಶಯರು ಅಪ್ಪ ಕಟ್ಟದೇ ಇದ್ದ ಮನೆಯನ್ನು ರಿನೋವೇಟ್ ಮಾಡಿಕೊಟ್ಟಿದ್ದಾರೆ.

ಫೆಬ್ರವರಿಯಲ್ಲಿ ಬಂದಿದ್ದರಲ್ಲ, ಅದೇ ಮೊದಲು, ಅದೇ ಕೊನೆ. ಹಾಲಿನಲ್ಲಿ ಕೂತರು. ರೆಡ್ ಆಕ್ಸೈಡ್ ನೆಲ ಸವರಿ "ಇಂಥದ್ದು ಈಗ ಸಿಗಲ್ಲ ಮೇಡಮ್" ಅಂದರು. ಕಾಫಿ ಕುಡಿದರು. ಮೊಬೈಲಿನಲ್ಲಿ ಬ್ಲೂಪ್ರಿಂಟಿನ ಫೋಟೋ ಹೊಡೆದುಕೊಂಡರು. ಅಳತೆಗೆ ಹುಡುಗರನ್ನ ಕಳಿಸ್ತೀನಿ ಅಂದರು. ಹುಡುಗರು ಬರಲೇ ಇಲ್ಲ. ಬಂದದ್ದು ತ್ರೀಡಿ ಚಿತ್ರಗಳು, ವಾಟ್ಸಾಪಿನಲ್ಲಿ. ಬೂದು ಸೋಫಾ, ಮೂಲೆಗೊಂದು ಎತ್ತರದ ಕುಂಡ, ಕಿಟಕಿಯಿಂದ ಸುರಿಯೋ ಬಿಸಿಲು. ಸಿಗಲ್ಲ ಅಂದಿದ್ದ ನೆಲದ ಮೇಲೆ ಬಿಳೀ ವಿಟ್ರಿಫೈಡ್ ಟೈಲ್ಸ್. ಅಮ್ಮ ಕನ್ನಡಕ ಏರಿಸಿ ನೋಡಿ, "ನನ್ನ ಒರಳು ಎಲ್ಲಿ?" ಅಂದಳು. ನಾನು ನಕ್ಕುಬಿಟ್ಟೆ. ಆವತ್ತೇ ಕೇಳಬೇಕಿತ್ತು, ಅಲ್ವಾ?

ಕೇಳಲಿಲ್ಲ. ಚಿತ್ರಕ್ಕೆ ಮರುಳಾಗಿದ್ದೆ. ಒಪ್ಪಿದ ಫೀಸು 1 ಲಕ್ಷ 80 ಸಾವಿರ. ಅದರಲ್ಲಿ 1 ಲಕ್ಷ 10 ಸಾವಿರ ಈಗಾಗಲೇ ಕೊಟ್ಟಾಗಿದೆ. ಕರಾರು ಅಂತ ಇರೋದು ಒಂದೂವರೆ ಪುಟ. ಸೈಟಿಗೆ ಎಷ್ಟು ಸಲ ಬರ್ತಾರೆ ಅನ್ನೋದು ಎಲ್ಲೂ ಇಲ್ಲ. ಸ್ಟ್ರಕ್ಚರಲ್ ಇಂಜಿನಿಯರ್ ಫೀಸು ಬೇರೆ ಅಂತ ಕೊನೇ ಸಾಲಿನಲ್ಲಿದೆ. ಅದನ್ನ ನಾನು ಓದಿದ್ದು ಇವತ್ತು.

ಆ ಸಾಲು ಓದಬೇಕಾಗಿ ಬಂದದ್ದೂ ಮೇಸ್ತ್ರಿಯಿಂದಲೇ. ಹಾಲಿಗೂ ಅಡುಗೆಮನೆಗೂ ನಡುವಿನ ಗೋಡೆಯನ್ನು ಶೀಟಿನಲ್ಲಿ ಚುಕ್ಕೆಗೆರೆ ಹಾಕಿ ತೆಗೆದಿದ್ದಾರೆ. ಓಪನ್ ಕಿಚನ್. ಮೇಸ್ತ್ರಿ ಸುತ್ತಿಗೆ ತಿರುಗಿಸಿ ಹಿಡಿದು ಗೋಡೆಗೆ ಹಿಡಿಯಿಂದ ತಟ್ಟಿದರು. ಆಮೇಲೆ ಉಳಿಯಿಂದ ಅಂಗೈ ಅಗಲ ಗಾರೆ ಕೆತ್ತಿದರು. ಕೆಂಪು ಇಟ್ಟಿಗೆ ಕಂಡಿತು. ಒಂದು ಉದ್ದಕ್ಕೆ, ಅದರ ಪಕ್ಕ ಇನ್ನೊಂದರ ತಲೆ. "ತಲೆ ಕಾಣ್ತು ಅಂದ್ರೆ ಒಂಬತ್ತಿಂಚು ಗೋಡೆ ಅಕ್ಕಾ. ಇದು ಪಿಲ್ಲರ್ ಮನೆ ಅಲ್ಲ, ಗೋಡೆ ಮೇಲೆ ನಿಂತಿರೋ ಮನೆ. ಎರಡೂ ಕಡೆ ತಾರಸಿ ಮೋಲ್ಡು ಇದರ ಮೇಲೇ ಕೂತಿದೆ." ಶೀಟಿನಲ್ಲಿ ಇದೇ ಗೋಡೆಯನ್ನು ನಾಲ್ಕೂವರೆ ಇಂಚು ಅಂತ ಬರೆದಿದ್ದಾರೆ. ತೆಗೆಯಲೇಬೇಕಂದ್ರೆ ಜಾಕಿ ಕೊಟ್ಟು ಕಬ್ಬಿಣದ ಗರ್ಡರ್ ಕೂರಿಸಬೇಕು, ಎಷ್ಟು ದಪ್ಪದ್ದು ಅಂತ ಇಂಜಿನಿಯರ್ ಬರೆದುಕೊಡಬೇಕು, ಅಲ್ಲೀತನಕ ನಾನು ಮುಟ್ಟಲ್ಲ ಅಂದರು.

ಆರ್ಕಿಟೆಕ್ಟಿಗೆ ಫೋನ್ ಮಾಡಿದೆ. ಮೂರನೇ ಸಲಕ್ಕೆ ಎತ್ತಿದರು. "ಅದು ಕಾನ್ಸೆಪ್ಟ್ ಡ್ರಾಯಿಂಗ್ ಮೇಡಮ್, ಸೈಟಲ್ಲಿ ಅಡ್ಜಸ್ಟ್ ಮಾಡ್ಕೋತಾರೆ." ಯಾರು ಸಾರ್ ಮಾಡ್ಕೊಳ್ಳೋದು? "ಮೇಸ್ತ್ರಿಗಳಿಗೆ ಗೊತ್ತಿರುತ್ತೆ." ನನಗೆ ಸಿಟ್ಟಿಗಿಂತ ನಾಚಿಕೆ ಜಾಸ್ತಿ ಆಯಿತು. ಮೇಸ್ತ್ರಿ ಎದುರಿಗೇ ಕೂತಿದ್ದರು, ಸ್ಪೀಕರ್ ಆನ್ ಇತ್ತು.

ಮಧ್ಯಾಹ್ನ ಸುಮ್ನೆ ಕೂರಲಾರದೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ವೆಬ್‌ಸೈಟಿನಲ್ಲಿ ಅವರ ಹೆಸರು ಹುಡುಕಿದೆ. 1972ರ ಕಾಯ್ದೆ ಪ್ರಕಾರ ಅಲ್ಲಿ ನೋಂದಣಿ ಇಲ್ಲದವರು ಆರ್ಕಿಟೆಕ್ಟ್ ಅಂತ ಹೇಳಿಕೊಳ್ಳೋ ಹಾಗಿಲ್ಲ. ಹೆಸರು ಇರದಿದ್ದರೆ ಚೆನ್ನಾಗಿತ್ತು ಅಂತ ಮನಸ್ಸಿನಲ್ಲಿತ್ತೋ ಏನೋ. ನಕಲಿಯವನಿಗೆ ಮೋಸ ಹೋದೆ ಅಂದರೆ ಜನ ಅಯ್ಯೋ ಅಂತಾರೆ. ಇವರ ಹೆಸರಿದೆ, ನಂಬರೂ ಇದೆ.

ಮೂರು ಗಂಟೆಗೆ ಮೇಸ್ತ್ರಿ ಊಟ ಮುಗಿಸಿ ಮತ್ತೆ ಬಂದರು. ಟೇಪಿನ ಒಂದು ತುದಿ ನನಗೆ ಕೊಟ್ಟರು. ಶೀಟಿನಲ್ಲಿ 12 ಅಡಿ ಇರೋ ಹಾಲು ಅಸಲಿಗೆ 11 ಅಡಿ 4 ಇಂಚು. ಮನೆಯೆಲ್ಲ ಅಳೆಯೋಕೆ ಒಂದು ಗಂಟೆಯೂ ಆಗಲಿಲ್ಲ. ಆಷಾಢ ಹೋಗಲಿ, ಶ್ರಾವಣಕ್ಕೆ ನೋಡೋಣ ಅಂದಳು ಅಮ್ಮ, ತಾನಾಗಿಯೇ. ಹಟ ಇಷ್ಟು ಬೇಗ ಬಿಟ್ಟದ್ದು ಇದೇ ಮೊದಲು.

ಕೊನೆಗೆ ಮೇಸ್ತ್ರಿ ಅವಳನ್ನ ಅಡುಗೆಮನೆಗೆ ಕರೆದರು. "ಅಮ್ಮಾ, ಗೋಡೆ ಪಕ್ಕ ನಿಂತ್ಕೊಳ್ಳಿ. ಚಪಾತಿ ಲಟ್ಟಿಸೋ ಹಾಗೆ ಕೈ ಇಡಿ." ಅಮ್ಮ ಸೆರಗು ಸಿಕ್ಕಿಸಿ ನಿಂತಳು. ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ ಪೆನ್ಸಿಲ್ ಗೆರೆ ಬಿತ್ತು. ಮೇಸ್ತ್ರಿ ಟೇಪ್ ಇಳಿಬಿಟ್ಟರು. ಮೂವತ್ತೊಂದು ಇಂಚು. ಶೀಟಿನಲ್ಲಿ ಅಡುಗೆ ಕಟ್ಟೆ ಮೂವತ್ತಾರು ಇಂಚಿದೆ.

"ಒರಳಿಗೂ ಒಂದು ಗೆರೆ ಹಾಕಿ," ಅಂದಳು ಅಮ್ಮ.